ಹಳೇ ಫೈಬರ್ ದೋಣಿಯ ಒಳಗೋಡೆ: ಹನ್ನೊಂದು ವಾರಾಂತ್ಯಗಳ ಲೆಕ್ಕ

ದೋಣಿಯ ಒಳಗೋಡೆಗೆ ಬಣ್ಣ ಹೊಡೆಯಲು ರೋಲರ್ ಕೈಯಲ್ಲಿ ಹಿಡಿದದ್ದು ಒಟ್ಟು ಏಳು ಗಂಟೆ. ಕೆಲಸ ಮುಗಿದದ್ದು ಹನ್ನೊಂದನೇ ವಾರಾಂತ್ಯಕ್ಕೆ. ಉಳಿದ ಹೊತ್ತೆಲ್ಲ ಎಲ್ಲಿ ಹೋಯಿತು ಅಂತ ನೋಟ್‌ಬುಕ್ ತೆಗೆದು ಕೂಡಿಸಿದರೆ, ಅರ್ಧಕ್ಕಿಂತ ಹೆಚ್ಚು ಹಳೆಯ ಅಂಟು ತೆಗೆಯುವುದಕ್ಕೇ ಹೋಗಿದೆ. ಅದರಲ್ಲೂ ಬಲಬದಿಯ ಅಂಟನ್ನು ಎರಡು ಸಲ ತೆಗೆದಿದ್ದೇನೆ. ಎರಡನೇ ಸಲದ್ದು ಪೂರ್ತಿ ನನ್ನ ತಪ್ಪು. ಹಾಗಾಗಿ ಈ ಬರಹದಲ್ಲಿ ಬಣ್ಣದ ವಿಷಯ ಕಡಿಮೆ, ಅಂಟಿನ ವಿಷಯ ಜಾಸ್ತಿ.

ದೋಣಿ 27 ಅಡಿಯ ಹಾಯಿದೋಣಿ, ವಯಸ್ಸು ನಲವತ್ತು ದಾಟಿದೆ. ಒಡಲು ಪೂರ್ತಿ ಗಟ್ಟಿ ಫೈಬರ್, ಅಂದರೆ ರೆಸಿನ್ ಅನ್ನುವ ಅಂಟುದ್ರವದಲ್ಲಿ ಗಟ್ಟಿಯಾದ ಗಾಜಿನ ನೂಲು. ಡೆಕ್‌ನಲ್ಲಿ ಮಾತ್ರ ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಮರದ ತಿರುಳಿದೆ. ಕಟ್ಟಿದವರು ಒಳಬದಿಗೆ ಸ್ಪಂಜಿನ ಬೆನ್ನಿರುವ ರೆಕ್ಸಿನ್ ಹೊದಿಸಿದ್ದರು. ಆ ಕಾಲದ ದೋಣಿಗಳಲ್ಲಿ ಇದು ಮಾಮೂಲು: ಒರಟು ಫೈಬರ್ ಮುಚ್ಚುತ್ತದೆ, ಗೋಡೆ ಬೆವರುವುದೂ ಸ್ವಲ್ಪ ಕಡಿಮೆಯಾಗುತ್ತದೆ. ತೊಂದರೆ ಏನೆಂದರೆ ಆ ಸ್ಪಂಜು ವರ್ಷಗಳು ಕಳೆದಂತೆ ತಾನಾಗಿಯೇ ಪುಡಿಯಾಗುತ್ತದೆ. ನನ್ನಲ್ಲಿ ಮೂತಿಯ ಕಡೆಯ ಮಲಗುವ ಜಾಗದಲ್ಲಿ ರೆಕ್ಸಿನ್ ಹೊಟ್ಟೆ ಬಿಟ್ಟು ಜೋತುಬಿದ್ದಿತ್ತು. ಬೆಳಿಗ್ಗೆ ಎದ್ದರೆ ಹೊದಿಕೆಯ ಮೇಲೆ ಕಂದು ಹುಡಿ.

ಅಳತೆ: ಎರಡೂ ಬದಿ ಸೇರಿ ಸುಮಾರು 9 ಚದರ ಮೀಟರ್, ಮುಂದಿನ ಕೋಣೆ 4. ಒಟ್ಟು 13 ಚದರ ಮೀಟರ್. ಮನೆಯ ಒಂದು ಸಣ್ಣ ಕೋಣೆಯ ಗೋಡೆಗಿಂತ ಕಡಿಮೆ. "ನಾಲ್ಕು ವಾರಾಂತ್ಯ ಸಾಕು" ಅಂತ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ.

ವಾರಾಂತ್ಯ 1: ಕಿತ್ತು ಹಾಕಿದ್ದು

ಹಾಸಿಗೆ, ಕಪಾಟಿನ ಬಾಗಿಲು, ಅಂಚಿನ ಮರದ ಪಟ್ಟಿಗಳು, ದೀಪಗಳು ಎಲ್ಲ ಹೊರಗೆ. ಪ್ರತಿ ಪಟ್ಟಿಯ ಹಿಂದೆ ಪೆನ್ಸಿಲ್‌ನಲ್ಲಿ ನಂಬರ್ ಬರೆದು, ಅದರ ಸ್ಕ್ರೂಗಳನ್ನು ಅದೇ ನಂಬರಿನ ಸಣ್ಣ ಚೀಲಕ್ಕೆ ಹಾಕಿ ಪಟ್ಟಿಗೇ ಟೇಪ್ ಮಾಡಿದೆ. ಹನ್ನೊಂದು ವಾರದ ನಂತರ ಕೈ ಹಿಡಿದದ್ದು ಇದೇ.

ರೆಕ್ಸಿನ್ ಒಂದು ಮೂಲೆ ಹಿಡಿದೆಳೆದರೆ ಪರ್ರನೆ ಬಂತು. ಇಪ್ಪತ್ತು ನಿಮಿಷದಲ್ಲಿ ಒಂದು ಬದಿ ಖಾಲಿ. ಕೆಲಸ ಮುಗಿದೇ ಹೋಯಿತು ಅನ್ನಿಸಿದ ಕ್ಷಣ ಅದು. ಬಂದದ್ದು ರೆಕ್ಸಿನ್ ಮಾತ್ರ, ಸ್ಪಂಜು ಗೋಡೆಯಲ್ಲೇ ಉಳಿಯಿತು. ಅದನ್ನು ಸ್ಪಂಜು ಅನ್ನುವುದೂ ಕಷ್ಟ. ಮೇಲೆ ಒಣ ಹುಡಿ, ಬೆರಳಿಟ್ಟು ಉಜ್ಜಿದರೆ ಒಳಗೆ ಅಂಟು ಮೇಣ. ಕೈಗವಸಿಗೆ ಮೆತ್ತಿದ್ದು ಬಾಗಿಲ ಹಿಡಿಗೆ, ಅಲ್ಲಿಂದ ಫೋನಿಗೆ, ಫೋನಿನಿಂದ ಕೆನ್ನೆಗೆ.

ಬಲಬದಿಯ ಮೇಲಂಚಿನಲ್ಲಿ ಡೆಕ್‌ನಿಂದ ಇಳಿದ ಮೂರು ತುಕ್ಕಿನ ಗೆರೆಗಳು ಕಂಡವು. ಮೂರೂ ಡೆಕ್ ಕಂಬಿಯ ಬುಡದ ಬೋಲ್ಟುಗಳ ನೇರ ಕೆಳಗೆ. ಫೋಟೋ ತೆಗೆದೆ. ಅಷ್ಟೇ ಮಾಡಿದೆ.

ವಾರಾಂತ್ಯ 2 ಮತ್ತು 3: ಅಂಟು, ತಪ್ಪು ದಾರಿಗಳು

ಪ್ರಯತ್ನಿಸಿದ ಕ್ರಮದಲ್ಲೇ ಬರೆಯುತ್ತೇನೆ.

ಪುಟ್ಟಿ ಪಟ್ಟಿಯಿಂದ ಒಣದಾಗಿ ಹೆರೆದದ್ದು: ಹುಡಿ ಉದುರಿತು, ಅಂಟು ಹಾಗೇ ಉಳಿಯಿತು. ಒಳಗಿನ ಕೊನೆಯ ಪದರ ದಪ್ಪ ನೂಲಿನ ನೇಯ್ಗೆ, ಫೈಬರ್ ಕೆಲಸದವರು ವೋವನ್ ರೋವಿಂಗ್ ಅನ್ನುವುದು. ಚಾಪೆಯ ಹಾಗೆ ಉಬ್ಬುತಗ್ಗು, ತಗ್ಗು ಸುಮಾರು ಒಂದು ಮಿಲಿಮೀಟರ್ ಆಳ. ಪಟ್ಟಿ ಉಬ್ಬಿನ ಮೇಲಷ್ಟೇ ಓಡುತ್ತದೆ.

ಹೀಟ್ ಗನ್: ಅಂಟು ಕರಗಿ ತೆಳ್ಳಗೆ ಹರಡಿತು, ಕಟು ವಾಸನೆಯ ಹೊಗೆ ಬಂತು. ಹೆಚ್ಚು ಶಾಖ ಫೈಬರಿನ ರೆಸಿನ್‌ಗೂ ಒಳ್ಳೆಯದಲ್ಲ. ಹತ್ತೇ ನಿಮಿಷಕ್ಕೆ ಬಿಟ್ಟೆ.

ಗ್ರೈಂಡರಿಗೆ ತಂತಿ ಬ್ರಶ್: ಇದರಷ್ಟು ಕೆಟ್ಟ ಯೋಚನೆ ಇನ್ನೊಂದಿಲ್ಲ. ಅಂಟಿನ ಚೂರುಗಳು ಎದುರು ಬದಿಯ ಗೋಡೆಗೆ ಹೋಗಿ ಕೂತವು. ಕೈ ಒಂದು ಕಡೆ ನಿಂತರೆ ತಂತಿ ಗಾಜಿನ ನೂಲನ್ನೇ ಕಿತ್ತು ತರುತ್ತದೆ. ಎರಡು ಕಡೆ ಅಂಗೈಯಗಲ ಬಿಳಿ ಗಾಯ ಮಾಡಿ ನಿಲ್ಲಿಸಿದೆ.

ಅಸಿಟೋನ್: ಅಂಟು ಕರಗಿಸುತ್ತದೆ ನಿಜ. ಆದರೆ ನಿಂತ ಗೋಡೆಯ ಮೇಲೆ ಬಟ್ಟೆಯಲ್ಲಿ ಒರೆಸಿದರೆ ಅಂಟು ಮೆತ್ತಗಾಗುವ ಮೊದಲೇ ಆರಿಹೋಗುತ್ತದೆ. ಐದು ಲೀಟರ್ ಹೀಗೆ ಗಾಳಿಗೆ ಹೋಯಿತು, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಕೊನೆಗೆ ತಾಳ್ಮೆ ಕೆಟ್ಟು 60 ನಂಬರಿನ ಪೇಪರ್ ಹಾಕಿ ಸ್ಯಾಂಡರ್ ಓಡಿಸಿದೆ. ಒಂದು ನಿಮಿಷಕ್ಕೆ ಡಿಸ್ಕ್ ಅಂಟಿನಿಂದ ತುಂಬಿ ಗಾಜಿನಂತೆ ನುಣುಪಾಗುತ್ತಿತ್ತು, ಇನ್ನೊಂದು ಹಾಕುತ್ತಿದ್ದೆ. ನಲವತ್ತಕ್ಕೂ ಹೆಚ್ಚು ಡಿಸ್ಕ್ ಹೋದವು. ಬಲಬದಿ ಮಾತ್ರ ನೋಡಲು ಸ್ವಚ್ಛವಾಯಿತು, ಒಂದೇ ತೆರನಾದ ಮಂಕು ಹಸಿರು. ಅಂಟು ಹೋಯಿತು ಅಂದುಕೊಂಡೆ. ನಿಜಕ್ಕೂ ಆದದ್ದು ಬೇರೆ: ಡಿಸ್ಕಿನ ಬಿಸಿಗೆ ಅಂಟು ಕರಗಿ ನೇಯ್ಗೆಯ ತಗ್ಗುಗಳಿಗೆ ತುಂಬಿಕೊಂಡಿತ್ತು. ಜೊತೆಗೆ ಮೇಣ. ಪಾಲಿಯೆಸ್ಟರ್ ರೆಸಿನಿನ ಕೊನೆಯ ಪದರ ಗಾಳಿಯಲ್ಲಿ ಪೂರ್ತಿ ಗಟ್ಟಿಯಾಗಲಿ ಅಂತ ಅದರಲ್ಲಿ ಮೇಣ ಸೇರಿಸಿರುತ್ತಾರೆ, ಅದು ಮೇಲೆ ತೇಲಿ ನಿಲ್ಲುತ್ತದೆ. ಅದನ್ನು ದ್ರಾವಕದಿಂದ ಒರೆಸಿ ತೆಗೆದ ಮೇಲೆ ಉಜ್ಜಬೇಕು. ನಾನು ಉಜ್ಜಿ ಒಳಗಿಳಿಸಿದೆ.

ಇದೇ ವಾರ ಮಾಡಿದ ಇನ್ನೊಂದು ಮೂರ್ಖತನವನ್ನೂ ಹೇಳಬೇಕು. ಅಸಿಟೋನ್ ಬಳಸುವಾಗ ಹಾಕಿಕೊಂಡಿದ್ದು ಧೂಳಿನ ಮಾಸ್ಕ್. ಅದು ಆವಿಯನ್ನು ತಡೆಯುವುದೇ ಇಲ್ಲ. ಸಂಜೆ ಹೊರಗೆ ಬಂದಾಗ ತಲೆ ಹಿಂಡುತ್ತಿತ್ತು, ಕೀಲಿಕೈ ಎಲ್ಲಿಟ್ಟೆ ಅನ್ನುವುದು ನೆನಪಾಗಲಿಲ್ಲ. ಆಮೇಲೆ ರಬ್ಬರ್ ಮುಖವಾಡಕ್ಕೆ ಆವಿಯ ಫಿಲ್ಟರ್ ಮತ್ತು ಧೂಳಿನ ಫಿಲ್ಟರ್ ಎರಡೂ ಹಾಕಿಕೊಂಡೆ. ಈ ಆವಿ ಗಾಳಿಗಿಂತ ಭಾರ, ದೋಣಿಯ ತಳದ ಬಿಲ್ಜ್‌ನಲ್ಲಿ ಹೋಗಿ ಕೂರುತ್ತದೆ. ಒಂದು ಕಿಡಿ ಸಾಕು. ಬ್ಯಾಟರಿಯ ಎರಡೂ ತಂತಿ ಬಿಚ್ಚಿಟ್ಟೆ. ಫ್ಯಾನ್ ಹೊರಗಿಟ್ಟು ಅಗಲ ಪೈಪಿನಲ್ಲಿ ಹೊಸ ಗಾಳಿಯನ್ನು ತಳಕ್ಕೆ ಬಿಟ್ಟೆ, ಆವಿ ಮೇಲಿನ ಹ್ಯಾಚ್‌ನಿಂದ ಹೊರಗೆ ಹೋಗಲಿ ಅಂತ. ಫ್ಯಾನಿನಿಂದ ಆವಿ ಎಳೆಸಿದರೆ ಅದು ಮೋಟಾರಿನ ಮೂಲಕವೇ ಹೋಗುತ್ತದೆ, ಅದು ಬೇಡ.

ವಾರಾಂತ್ಯ 4: ಅವಸರದ ಪ್ರೈಮರ್

ಬಲಬದಿಗೆ ಎರಡು ಭಾಗದ, ಅಂದರೆ ರೆಸಿನ್‌ಗೆ ಹಾರ್ಡ್‌ನರ್ ಕಲಸಿ ಹೊಡೆಯುವ, ಎಪಾಕ್ಸಿ ಪ್ರೈಮರ್ ಹೊಡೆದೆ. ರೋಲರ್ ಎತ್ತಿದ ಎರಡು ನಿಮಿಷಕ್ಕೆ ಅಲ್ಲಲ್ಲಿ ಪ್ರೈಮರ್ ತಾನಾಗಿ ಹಿಂದೆ ಸರಿದು ಕಾಳಿನಷ್ಟು ದೊಡ್ಡ ಗುಂಡಿಗಳಾದವು, ನಡುವೆ ಬರಿಯ ಫೈಬರ್. ಪೇಂಟರ್‌ಗಳು ಫಿಶ್ ಐ ಅನ್ನುವ ಮೀನುಗಣ್ಣು. ಮೇಲೆ ಇನ್ನೊಂದು ಸಲ ರೋಲರ್ ಎಳೆದೆ. ಅವು ಅಲ್ಲೇ ಮತ್ತೆ ಕಣ್ಣು ಬಿಟ್ಟವು. "ಎರಡನೇ ಕೋಟ್‌ನಲ್ಲಿ ಮುಚ್ಚಿಹೋಗುತ್ತದೆ" ಅಂತ ನೋಟ್‌ಬುಕ್‌ನಲ್ಲಿ ಬರೆದಿದ್ದೇನೆ. ಕೆಳಗೆ ಆಮೇಲೆ ಬೇರೆ ಶಾಯಿಯಲ್ಲಿ ಬರೆದದ್ದು: ಇಲ್ಲ.

ವಾರಾಂತ್ಯ 5 ರಿಂದ 7: ಮತ್ತೆ ಮೊದಲಿಂದ

ಪ್ರೈಮರ್ ಆರು ದಿನ ಒಣಗಿತ್ತು. ಗೋಡೆಗೆ ಹಿಡಿದಿದೆಯೋ ಅಂತ ನೋಡಲು ಬ್ಲೇಡಿನಲ್ಲಿ ಎರಡು ಮಿಲಿಮೀಟರ್ ಅಂತರದಲ್ಲಿ ಅಡ್ಡಉದ್ದ ಗೀರಿ, ಟೇಪ್ ಒತ್ತಿ ಹಚ್ಚಿ ಫಟ್ಟನೆ ಎಳೆದೆ. ಚೌಕಗಳು ಸಾಲಾಗಿ ಟೇಪಿನ ಜೊತೆ ಬಂದವು. ಬೇರೆ ಜಾಗದಲ್ಲಿ ಉಗುರು ಹಾಕಿದರೆ ನಾಣ್ಯದಗಲ ಸಿಪ್ಪೆ ಎದ್ದಿತು.

ಪಕ್ಕದ ದೋಣಿಯಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಬಾಗಿಲಲ್ಲಿ ತಲೆ ಹಾಕಿ ನೋಡಿದರು. ಆ ಸಿಪ್ಪೆಯನ್ನು ಬೆರಳಲ್ಲಿ ತಿರುಗಿಸಿ ಕೇಳಿದ್ದು ಎರಡೇ ಪ್ರಶ್ನೆ.

"ನೀರು ಚಿಮುಕಿಸಿ ನೋಡಿದ್ರಾ?"

"ಇಲ್ಲ ಸರ್."

"ಮೇಲಿಂದ ನೀರು ಬರೋದು ನಿಲ್ಸಿದ್ರಾ?"

ಎರಡನೆಯದಕ್ಕೆ ಉತ್ತರ ಕೊಡದೆ ಮಾತು ಬದಲಿಸಿದೆ. ಮೊದಲನೆಯದನ್ನು ಮಾತ್ರ ಆಗಲೇ ಮಾಡಿ ನೋಡಿದೆ. ಎಡಬದಿಯಲ್ಲಿ ಉಜ್ಜಿ ಬಿಟ್ಟಿದ್ದ ಒಂದು ಚೂರು ಜಾಗಕ್ಕೆ ಶುದ್ಧ ನೀರನ್ನು ಬಾಟಲಿಯಿಂದ ಚಿಮುಕಿಸಿದೆ. ಗೋಡೆ ನಿಜಕ್ಕೂ ಸ್ವಚ್ಛವಾಗಿದ್ದರೆ ನೀರು ಒಂದೇ ಹಾಳೆಯಾಗಿ ಹರಡಿ ನಿಲ್ಲಬೇಕು. ಇಲ್ಲಿ ಕೆಸುವಿನ ಎಲೆಯ ಮೇಲೆ ಬಿದ್ದ ಹಾಗೆ ಮುತ್ತುಮುತ್ತಾಗಿ ಉರುಳಿತು.

ಬಲಬದಿಯ ಪ್ರೈಮರನ್ನು ಕೈಗೆ ಎಟುಕಿದಷ್ಟೂ ಹೆರೆದು ತೆಗೆದೆ. ಮುಂದಿನದು ಕೊನೆಗೂ ಫಲ ಕೊಟ್ಟ ಕ್ರಮ:

1. ಕಿತ್ತಳೆ ಸಿಪ್ಪೆಯ ಎಣ್ಣೆಯಿಂದ ಮಾಡಿದ, ನಿಧಾನಕ್ಕೆ ಆರುವ ಅಂಟು ತೆಗೆಯುವ ದ್ರವ. ಹಳೆಯ ಬನಿಯನ್ ಬಟ್ಟೆಯನ್ನು ಅದರಲ್ಲಿ ತೋಯಿಸಿ ಗೋಡೆಗೆ ಹಚ್ಚಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ 40 ನಿಮಿಷ ಬಿಡುವುದು. ಒಂದು ಸಲಕ್ಕೆ ಅರ್ಧ ಚದರ ಮೀಟರ್ ಮಾತ್ರ.
2. ಪ್ಲಾಸ್ಟಿಕ್ ಪಟ್ಟಿಯಿಂದ ಹೆರೆಯುವುದು. ಈಗ ಅಂಟು ಸುರುಳಿ ಸುರುಳಿಯಾಗಿ ಬರುತ್ತದೆ.
3. ತಗ್ಗಿನಲ್ಲಿ ಉಳಿದದ್ದಕ್ಕೆ ಅದೇ ದ್ರವ ಮತ್ತು ಗಟ್ಟಿ ನೈಲಾನ್ ಬ್ರಶ್. ಮಾಮೂಲಿ ಟೂತ್‌ಬ್ರಶ್‌ಗಳು ಒಂಬತ್ತು ಸವೆದವು.
4. ಸೋಪು ನೀರು, ಆಮೇಲೆ ಬರಿ ನೀರು ಎರಡು ಸಲ. ಈ ದ್ರವ ಜಿಡ್ಡು ಬಿಡುತ್ತದೆ, ತೊಳೆಯದಿದ್ದರೆ ಮತ್ತೆ ಮೀನುಗಣ್ಣೇ.
5. ಒಣಗಿದ ಮೇಲೆ ಅಸಿಟೋನ್, ಎರಡು ಬಟ್ಟೆ: ಒಂದರಲ್ಲಿ ಒರೆಸು, ಆರುವ ಮೊದಲು ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತು. ಒಂದೇ ಬಟ್ಟೆಯಾದರೆ ಕೊಳೆ ಜಾಗ ಬದಲಿಸುತ್ತದೆ ಅಷ್ಟೇ.
6. ನೀರು ಚಿಮುಕಿಸಿ ನೋಡು. ಮುತ್ತಾದರೆ ಮೂರಕ್ಕೆ ವಾಪಸ್.
7. ಇದಾದ ಮೇಲೆ, ಇದಾದ ಮೇಲಷ್ಟೇ, 80 ನಂಬರಿನ ಪೇಪರ್.

ಒಂದು ಚದರ ಮೀಟರಿಗೆ ಒಂದೂವರೆ ಗಂಟೆ ಬಿತ್ತು. ಎಡಬದಿಯಲ್ಲಿ, ಉಜ್ಜದೇ ಬಿಟ್ಟಿದ್ದ ಕಡೆ. ಬಲಬದಿಯಲ್ಲಿ ಮೂರು ಗಂಟೆಯ ಹತ್ತಿರ, ಯಾಕೆಂದರೆ ಅಲ್ಲಿ ಅಂಟನ್ನು ತಗ್ಗಿನೊಳಗೆ ತುರುಕಿದವನು ನಾನೇ.

ಉಜ್ಜುವ ಕೆಲಸ ಇಷ್ಟಾದ ಮೇಲೆ ಸುಲಭ. ಉಬ್ಬುಗಳ ನೆತ್ತಿಯಲ್ಲಿ ಬಿಳಿ ನೂಲು ಕಾಣಿಸಿದ ಕೂಡಲೇ ಕೈ ತೆಗೆಯಬೇಕು, ಅದಕ್ಕಿಂತ ಮುಂದೆ ಹೋದರೆ ಸವೆಯುವುದು ಒಡಲಿನ ಬಲ. ವ್ಯಾಕ್ಯೂಮ್ ಜೋಡಿಸಿದ ಸ್ಯಾಂಡರ್, ಮೈ ಪೂರ್ತಿ ಮುಚ್ಚುವ ಕಾಗದದ ಸೂಟು, ಮಣಿಕಟ್ಟಿಗೆ ಟೇಪ್. ಆದರೂ ಕುತ್ತಿಗೆಯ ಸುತ್ತ ಎರಡು ದಿನ ಗಾಜಿನ ಮುಳ್ಳು. ಮೈ ತೊಳೆಯುವುದು ತಣ್ಣೀರಲ್ಲಿ, ಉಜ್ಜದೆ. ಬಿಸಿನೀರು ಹಾಕಿಕೊಂಡ ರಾತ್ರಿ ನಿದ್ದೆ ಇರಲಿಲ್ಲ.

ವಾರಾಂತ್ಯ 8: ಮಳೆ ಬಂತು

ಗೋಡೆ ಸಿದ್ಧ. ಶುಕ್ರವಾರ ರಾತ್ರಿ ಜೋರು ಮಳೆ. ಶನಿವಾರ ಬೆಳಿಗ್ಗೆ ಹೋಗಿ ನೋಡಿದರೆ, ಆ ಮೂರು ತುಕ್ಕಿನ ಗೆರೆಗಳಿದ್ದ ಕಡೆಯೇ ಮೂರು ಒದ್ದೆ ಗೆರೆಗಳು. ಹಿರಿಯರ ಎರಡನೇ ಪ್ರಶ್ನೆ ನೆನಪಾಯಿತು. ಆಗಿನ ಪ್ರೈಮರ್ ಕಿತ್ತು ಬರದೇ ಇದ್ದಿದ್ದರೆ ಇಷ್ಟರಲ್ಲಿ ಈ ಗೆರೆಗಳು ಹೊಸ ಬಣ್ಣದ ಮೇಲೆ ಇಳಿಯುತ್ತಿದ್ದವು.

ಯಾವ ಬೋಲ್ಟು ಅನ್ನುವುದನ್ನು ಖಚಿತ ಮಾಡಲು ಪೈಪಿನಲ್ಲಿ ನೀರು ಬಿಟ್ಟೆ, ಕೆಳಗಿನ ಮಟ್ಟದಿಂದ ಶುರು ಮಾಡಿ ಐದೈದು ನಿಮಿಷಕ್ಕೆ ಸ್ವಲ್ಪ ಸ್ವಲ್ಪವೇ ಮೇಲಕ್ಕೆ. ಮೇಲಿಂದ ಬಿಟ್ಟರೆ ಎಲ್ಲವೂ ಒಟ್ಟಿಗೆ ಒದ್ದೆಯಾಗಿ ಯಾವುದು ಅಂತ ಗೊತ್ತಾಗುವುದಿಲ್ಲ. ಕಿಟಕಿ ಸರಿಯಿತ್ತು. ಕಂಬಿಯ ಬುಡ ಮೂರೂ ಸೋರುತ್ತಿತ್ತು.

ಬೋಲ್ಟು ಬಿಚ್ಚಿದಾಗ ಎರಡು ಕಡೆ ಬಾಲ್ಸಾ ಒಣಗಿತ್ತು, ತಿಳಿ ಬಣ್ಣ. ಮೂರನೆಯದರಲ್ಲಿ ಕಪ್ಪು, ಹಿಂಡಿದರೆ ನೀರು. ಬಾಗಿಸಿದ ಮೊಳೆಯನ್ನು ಡ್ರಿಲ್ಲಿಗೆ ಸಿಕ್ಕಿಸಿ, ಎರಡು ಫೈಬರ್ ಪದರಗಳ ನಡುವಿನ ಕೊಳೆತದ್ದನ್ನು ಸುತ್ತ ಎರಡು ಸೆಂಟಿಮೀಟರ್‌ವರೆಗೆ ಕೆದಕಿ ತೆಗೆದೆ. ಮೇಲೆ ಡೇರೆ ಕಟ್ಟಿ ಒಂದು ವಾರ ಒಣಗಲು ಬಿಟ್ಟೆ.

ವಾರಾಂತ್ಯ 9: ಬೋಲ್ಟು, ಪುಟ್ಟಿ, ಹೊಗೆ

ಮೂರು ತೂತುಗಳನ್ನೂ 6 ಮಿಲಿಮೀಟರಿನಿಂದ 12ಕ್ಕೆ ದೊಡ್ಡದು ಮಾಡಿ, ಕೆಳಗೆ ಟೇಪ್ ಹಚ್ಚಿ, ಸಿಲಿಕಾ ಪುಡಿ ಸೇರಿಸಿದ ಎಪಾಕ್ಸಿ ತುಂಬಿದೆ. ಮರುದಿನ ಅದರ ನಡುವೆ ಮತ್ತೆ 6ರ ತೂತು. ಈಗ ಬೋಲ್ಟಿನ ಸುತ್ತ ಇರುವುದು ಎಪಾಕ್ಸಿ, ಮುಂದೆ ಸೋರಿದರೂ ಮರಕ್ಕೆ ನೀರು ತಾಗುವುದಿಲ್ಲ. ಬುಡಕ್ಕೆ ನೀರು ತಡೆಯುವ ಮೆತ್ತನೆಯ ಬ್ಯುಟೈಲ್ ಟೇಪ್. ಬಿಗಿ ಮಾಡುವಾಗ ತಿರುಗಬೇಕಾದದ್ದು ನಟ್ ಮಾತ್ರ, ಬೋಲ್ಟು ತಿರುಗಿದರೆ ಅದರ ಕುತ್ತಿಗೆಯ ಸೀಲ್ ಹರಿಯುತ್ತದೆ. ಹಾಗಾಗಿ ಮೇಲೆ ಒಬ್ಬರು, ಕೆಳಗೆ ಒಬ್ಬರು ಬೇಕು.

ಇನ್ನು ನೇಯ್ಗೆ ಮುಚ್ಚುವ ಪುಟ್ಟಿ: ಎಪಾಕ್ಸಿಗೆ ಮೈಕ್ರೋಬಲೂನ್ ಅನ್ನುವ ಸಣ್ಣ ಟೊಳ್ಳು ಗೋಲಿಗಳ ಹಗುರ ಪುಡಿ, ಪಟ್ಟಿಯಿಂದ ಜಾರದಷ್ಟು ಗಟ್ಟಿ, ಹಲ್ಲುಜ್ಜುವ ಪೇಸ್ಟಿಗಿಂತ ಒಂದು ಹದ ಹೆಚ್ಚು. ಮೊದಲ ಸಲ 300 ಗ್ರಾಂ ಒಟ್ಟಿಗೆ ಒಂದೇ ಲೋಟದಲ್ಲಿ ಕಲಸಿದೆ. ಹತ್ತು ನಿಮಿಷಕ್ಕೆ ಲೋಟ ಬೆಚ್ಚಗಾಯಿತು. "ಇನ್ನೂ ಸ್ವಲ್ಪ ಹೊತ್ತು ಸಿಗುತ್ತದೆ" ಅನ್ನುವಷ್ಟರಲ್ಲಿ ಹೊಗೆ ಎದ್ದು, ಪ್ಲಾಸ್ಟಿಕ್ ಲೋಟ ಕೈಯಲ್ಲೇ ಸೊಟ್ಟಗಾಯಿತು. ಓಡಿ ಹೊರಗೆ ಎಸೆದೆ, ಹೆಬ್ಬೆರಳಿಗೆ ಗುಳ್ಳೆ. ಆಮೇಲೆ 100 ಗ್ರಾಂ ಮಾತ್ರ, ಕಲಸಿದ ಕೂಡಲೇ ತಟ್ಟೆಯಂಥ ಹಲಗೆಯ ಮೇಲೆ ತೆಳ್ಳಗೆ ಹರಡಿ ಇಟ್ಟೆ. ದಪ್ಪ ಮುದ್ದೆಯಾಗಿ ಇದ್ದರೆ ತನ್ನ ಬಿಸಿಗೆ ತಾನೇ ಇನ್ನೂ ಬೇಗ ಗಟ್ಟಿಯಾಗುತ್ತದೆ.

ಬೆಳಿಗ್ಗೆ ಪುಟ್ಟಿಯ ಮೇಲೆ ತೆಳು ಜಿಡ್ಡಿನ ಪೊರೆ ಇತ್ತು. ತೇವದ ಗಾಳಿಯಲ್ಲಿ ಎಪಾಕ್ಸಿಗೆ ಹೀಗಾಗುತ್ತದೆ. ಅದು ನೀರಿನಲ್ಲಿ ಕರಗುವ ಪೊರೆ. ಬರಿ ನೀರು, ಪಾತ್ರೆ ಉಜ್ಜುವ ಒರಟು ಪ್ಯಾಡು, ಒರೆಸಿ ಒಣಗಿಸಿ ಆಮೇಲೆ ಪೇಪರ್. ಈ ಸಲ ಕ್ರಮ ತಪ್ಪಲಿಲ್ಲ.

ಪುಟ್ಟಿ ಎಲ್ಲ ಕಡೆ ಹಾಕಲಿಲ್ಲ. ಹಾಸಿಗೆಯ ಮೇಲೆ ಕಣ್ಣಿಗೆ ಬೀಳುವ 60 ಸೆಂಟಿಮೀಟರ್ ಪಟ್ಟಿಗೆ ಮಾತ್ರ. ಕಪಾಟಿನ ಒಳಗೆ ನೇಯ್ಗೆ ಹಾಗೇ ಕಾಣುತ್ತದೆ, ಕಾಣಲಿ. ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ನೋಡಿದರೆ ಎಷ್ಟು ಉಜ್ಜಿದರೂ ಇನ್ನೊಂದು ಅಲೆ ಕಾಣುತ್ತದೆ. ಮೂರನೇ ಕೈ ಪುಟ್ಟಿಯ ನಂತರ ಟಾರ್ಚನ್ನೇ ಒಳಗಿಟ್ಟೆ.

ವಾರಾಂತ್ಯ 10: ಬಣ್ಣ

ಎಪಾಕ್ಸಿ ಪ್ರೈಮರ್ ಎರಡು ಕೋಟ್, ನಾಲ್ಕಿಂಚಿನ ರೋಲರ್. ಒಂದೂ ಮೀನುಗಣ್ಣಿಲ್ಲ. ಪ್ರೈಮರ್ ಒಣಗಿದ ಮೇಲೆ ಮತ್ತೆ ಗೀರಿ ಟೇಪ್ ಎಳೆದೆ, ಟೇಪ್ ಬರಿದಾಗಿ ಬಂತು. ಆ ಟೇಪನ್ನು ನೋಟ್‌ಬುಕ್‌ಗೆ ಅಂಟಿಸಿದ್ದೇನೆ. 220ರಲ್ಲಿ ಹಗುರಾಗಿ ಉಜ್ಜಿ ಮೇಲೆ ಒಂದು ಭಾಗದ ಎನಾಮೆಲ್ ಎರಡು ಕೋಟ್, ಹಾಲು ಬಿಳುಪಿಗಿಂತ ಸ್ವಲ್ಪ ಹಳದಿ.

ಎರಡು ಭಾಗದ ಪಾಲಿಯುರೆಥೇನ್ ಗಟ್ಟಿ ಹೌದು, ಆದರೆ ಅದರ ಹಾರ್ಡ್‌ನರ್‌ನಲ್ಲಿ ಉಸಿರಿಗೆ ಅಪಾಯದ ಐಸೊಸಯನೇಟ್ ಇರುತ್ತದೆ. ಇಷ್ಟು ಚಿಕ್ಕ ಮುಚ್ಚಿದ ಜಾಗದಲ್ಲಿ, ಬಿಸಿಲೇ ಬೀಳದ ಗೋಡೆಗೆ, ಅದು ಬೇಡ ಅನ್ನಿಸಿತು. ಹೊಳಪಿನ ಬಣ್ಣವನ್ನು ಒಂದು ಚೂರಿಗೆ ಹೊಡೆದು ನೋಡಿದೆ: ಪ್ರತಿ ಅಲೆಯೂ ಕುಣಿಯುತ್ತಿತ್ತು. ಅರ್ಧ ಹೊಳಪಿನದಕ್ಕೆ ಬದಲಾಯಿಸಿದೆ, ಎಲ್ಲ ಮಾಯ.

ಇಲ್ಲೂ ಒಂದು ತಪ್ಪಾಯಿತು. ಎಡಬದಿಯ ಕೊನೆಯ ಕೋಟ್ ಸಂಜೆ ಐದಕ್ಕೆ ಹೊಡೆದೆ. ಬಿಸಿಲು ಇಳಿದು ಒಡಲು ತಣ್ಣಗಾಗಿ, ಹಸಿ ಬಣ್ಣದ ಮೇಲೆ ಇಬ್ಬನಿ ಕೂತು, ಬೆಳಿಗ್ಗೆ ಅರ್ಧ ಗೋಡೆ ಮಂಜು ಕವಿದ ಕನ್ನಡಿ. ಇಬ್ಬನಿ ಕೂರುವ ಉಷ್ಣಾಂಶಕ್ಕಿಂತ ಗೋಡೆ ಕನಿಷ್ಠ ಮೂರು ಡಿಗ್ರಿ ಮೇಲಿರಬೇಕು, ಹೊಡೆಯುವಾಗ ಮಾತ್ರ ಅಲ್ಲ, ಒಣಗುವವರೆಗೂ. ಮತ್ತೆ ಉಜ್ಜಿ, ಬೆಳಿಗ್ಗೆ ಹತ್ತಕ್ಕೆ ಮತ್ತೊಂದು ಕೋಟ್.

ವಾರಾಂತ್ಯ 11: ಮುಂದಿನ ಕೋಣೆಗೆ ಮರ

ಮಲಗುವ ಜಾಗದಲ್ಲಿ ಬರಿ ಫೈಬರ್ ಉಸಿರಿಗೇ ಬೆವರುತ್ತದೆ. ಅಲ್ಲಿ 12 ಮಿಲಿಮೀಟರ್ ದಪ್ಪದ ಪ್ಲೈ ಪಟ್ಟಿಗಳನ್ನು 35 ಸೆಂಟಿಮೀಟರ್ ಅಂತರದಲ್ಲಿ ಗಟ್ಟಿ ಎಪಾಕ್ಸಿಯಿಂದ ಅಂಟಿಸಿದೆ. ಬಾಗಿದ ಗೋಡೆಗೆ ಕ್ಲ್ಯಾಂಪ್ ಎಲ್ಲಿ ಹಾಕುವುದು? ಎದುರು ಗೋಡೆಯಿಂದ ಈ ಗೋಡೆಗೆ ಬಳುಕುವ ಕೋಲುಗಳನ್ನು ಬಿಲ್ಲಿನ ಹಾಗೆ ಬಗ್ಗಿಸಿ ಒತ್ತು ಕೊಟ್ಟೆ, ರಾತ್ರಿಯಿಡೀ ಅವೇ ಹಿಡಿದುಕೊಂಡವು. ಪಟ್ಟಿಗಳ ನಡುವೆ ನೀರು ಹೀರದ 10 ಮಿಲಿಮೀಟರ್ ಫೋಮ್. ಅದರ ಮೇಲೆ 8 ಮಿಲಿಮೀಟರ್ ಮರದ ರೀಪು, ನಡುವೆ 6 ಮಿಲಿಮೀಟರ್ ಸಂದು. ಕೆಳ ಅಂಚು ತೆರೆದೇ ಇದೆ, ನೀರು ಬಂದರೆ ಬಿಲ್ಜ್‌ಗೆ ಇಳಿಯಲಿ ಅಂತ.

ರೀಪಿಗೆ 16 ಮಿಲಿಮೀಟರ್ ಸ್ಕ್ರೂ. ರೀಪು ಮತ್ತು ಪಟ್ಟಿ ಸೇರಿ 20, ಅದರ ಹಿಂದೆ ಒಡಲು 7, ಅದರಾಚೆ ನೀರು. ಎಲ್ಲ ಲೆಕ್ಕ ಹಾಕಿದ್ದೆ. ಡಬ್ಬಿಯಲ್ಲಿ ಒಂದು 25ರ ಸ್ಕ್ರೂ ಸೇರಿಕೊಂಡಿದ್ದು ಮಾತ್ರ ಲೆಕ್ಕದಲ್ಲಿರಲಿಲ್ಲ. ತಿರುಗಿಸುತ್ತಿದ್ದವನಿಗೆ ಕೊನೆಯಲ್ಲಿ ಕೈಗೆ ಬಿಗಿ ಬದಲಾದದ್ದು ತಿಳಿಯಿತು. ಹೊರತೆಗೆದು ನೋಡಿದರೆ ತುದಿಯಲ್ಲಿ ಹಸಿರು ಫೈಬರ್ ಹುಡಿ. ತೂತಿಗೆ ತಂತಿ ಇಳಿಸಿ ಅಳೆದೆ: ಒಡಲಿನೊಳಗೆ ಎರಡು ಮಿಲಿಮೀಟರ್. ಎಪಾಕ್ಸಿ ತುಂಬಿ ಮುಚ್ಚಿದೆ. ಡಬ್ಬಿಯನ್ನು ನೆಲಕ್ಕೆ ಸುರಿದು ಒಂದೊಂದೇ ಸ್ಕ್ರೂ ಅಳೆಯುತ್ತ ಅರ್ಧ ದಿನ ಕೂತೆ. ಇನ್ನೂ ಎರಡು ಸಿಕ್ಕವು.

ಸಾಮಾನಿನ ಖರ್ಚಿನಲ್ಲಿ ಬಣ್ಣ ಮತ್ತು ಪ್ರೈಮರಿನ ಪಾಲು ಐದರಲ್ಲೊಂದು. ಉಳಿದದ್ದು ಡಿಸ್ಕು, ಕೈಗವಸು, ಫಿಲ್ಟರ್, ಅಂಟು ತೆಗೆಯುವ ದ್ರವ, ಎಪಾಕ್ಸಿ. ದ್ರವವನ್ನೇ ಮೊದಲು ತಂದಿದ್ದರೆ ಡಿಸ್ಕಿನ ಖರ್ಚು ಮುಕ್ಕಾಲು ಉಳಿಯುತ್ತಿತ್ತು.

ಆಮೇಲೆ ಎರಡು ಮಳೆ ಬಿದ್ದಿದೆ. ಬೋಲ್ಟುಗಳ ಕೆಳಗೆ ಟಿಶ್ಯೂ ಕಾಗದ ಹಚ್ಚಿಟ್ಟಿದ್ದೆ, ಮೂರೂ ಗರಿಗರಿ ಒಣಗಿವೆ. ಬಲಬದಿಯ ಕಪಾಟಿನ ಹಿಂದೆ ಮೊದಲ ಪ್ರೈಮರಿನ ಅಂಗೈಯಗಲ ತುಂಡೊಂದು ಇನ್ನೂ ಇದೆ, ಹೆರೆಯುವ ಪಟ್ಟಿ ಒಳಗೆ ಹೋಗದ ಮೂಲೆ. ಕಪಾಟು ಬಿಚ್ಚದೆ ಅದನ್ನು ತೆಗೆಯಲಾಗುವುದಿಲ್ಲ. ಬಿಚ್ಚುವುದಿಲ್ಲ.